ಸ್ವರ ಓದುವುದಕ್ಕೆ ಮೊದಲು ಕೈ ಬೇಕು

ಮಳೆಗಾಲದ ಒಂದು ಭಾನುವಾರ. ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದ ಹುಡುಗಿ ಕೊಡೆಯನ್ನು ಮೂಲೆಗಿಟ್ಟು, ನಮ್ಮ ಮನೆಯ ಜಗಲಿಯಲ್ಲಿ ಕೂತು ಗೀತೆಯ ಸ್ವರ ಓದತೊಡಗಿದಳು. ಸ್ವರಸ್ಥಾನ ಸರಿಯಾಗಿತ್ತು, ಶ್ರುತಿಯೂ ಸೇರಿತ್ತು. ಆದರೆ ಎರಡು ಸ್ವರ ಹಾಡುವುದು, ನಿಲ್ಲುವುದು, ಮತ್ತೆ ಮೂರು ಸ್ವರ ಹಾಡುವುದು, ನಿಲ್ಲುವುದು. ಕೈ ಮಡಿಲಲ್ಲಿ ಸುಮ್ನೆ ಬಿದ್ದಿತ್ತು.

"ಅಲ್ಲಿ ಯಾಕೆ ನಿಲ್ಲಿಸ್ತೀಯ ಪುಟ್ಟಿ?" ಅಂದೆ.

"ಕಾಮಾ ಇದೆಯಲ್ಲ ಮಿಸ್. ಕಾಮಾ ಬಂದ್ರೆ ಸ್ವಲ್ಪ ನಿಲ್ಲಿಸಿ ಓದ್ಬೇಕು ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದಾರೆ."

ಅವಳು ಹೇಳಿದ್ದು ನ್ಯಾಯವೇ. ಕನ್ನಡ ಪಾಠದಲ್ಲಿ ಅಲ್ಪವಿರಾಮ ಬಂದರೆ ನಿಲ್ಲಬೇಕು. ನಮ್ಮ ಸಂಗೀತದ ಪುಸ್ತಕದಲ್ಲಿ ಅದೇ ಗುರುತು ಬಂದರೆ ನಿಲ್ಲಬಾರದು, ಹಿಂದಿನ ಸ್ವರವನ್ನು ಒಂದು ಅಕ್ಷರ ಕಾಲ, ಅಂದರೆ ತಾಳದ ಒಂದು ಎಣಿಕೆಯಷ್ಟು ಹೊತ್ತು, ಎಳೆಯಬೇಕು. ನಿಂತ ಗೆರೆಯ ಕಥೆಯೂ ಅಷ್ಟೇ. ತಾಳದ ಒಂದು ಅಂಗ ಇಲ್ಲಿಗೆ ಮುಗಿಯಿತು ಎಂದು ಆ ಗೆರೆ ಹೇಳುತ್ತದೆ. ಮಕ್ಕಳು ಅದನ್ನು ಪೂರ್ಣವಿರಾಮ ಎಂದುಕೊಂಡು ಉಸಿರು ಬಿಡುತ್ತಾರೆ. ಹತ್ತಾರು ಮಕ್ಕಳಲ್ಲಿ ಇದನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಅವರಿಗೆ ಅಕ್ಷರ ಬರುತ್ತದೆ, ಕಾಲ ಬರುವುದಿಲ್ಲ. ಕಾಲ ಕಣ್ಣಿನಿಂದ ಕಲಿಯುವಂಥದ್ದಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ಲಾಕ್‌ಡೌನ್ ನಂತರ ಮಲೆನಾಡಿನ ಮಕ್ಕಳಿಗೆ ಸಂಗೀತ ಪಾಠ ಫೋನಿನಲ್ಲೂ ಬರುತ್ತಿದೆ. ತಾಳ ಹಾಕುವ ಆ್ಯಪ್, ಶ್ರುತಿ ಹಿಡಿಯುವ ಆ್ಯಪ್, ಸ್ವರದ ಮೇಲೆ ಬಣ್ಣ ಓಡಿಸುವ ವಿಡಿಯೊ, ಎಲ್ಲವೂ ಇವೆ. ಮನೆಯವರು ನನ್ನನ್ನು ಕೇಳುವ ಪ್ರಶ್ನೆ "ಯಾವ ಆ್ಯಪ್ ಹಾಕಿಸೋಣ?" ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ: ಈ ಆ್ಯಪ್ ಮಗುವಿನ ಕೈಗೆ ಕೆಲಸ ಕೊಡುತ್ತದೋ, ಕೈಯ ಕೆಲಸವನ್ನು ಕಸಿದುಕೊಳ್ಳುತ್ತದೋ?

ನೊಟೇಶನ್ ಓದುವುದೇ ಯಾಕೆ, ಗುರುಮುಖದಿಂದ ಕಲಿತರೆ ಸಾಲದೇ ಎಂದು ಹಿರಿಯರು ಕೇಳುತ್ತಾರೆ. ಹಾಡು ಗುರುಮುಖದಿಂದಲೇ ಬರಬೇಕು, ಒಪ್ಪುತ್ತೇನೆ. ಆದರೆ ಹೊಸನಗರದ ಒಳಗಿನ ಹಳ್ಳಿಯ ಮಗುವಿಗೆ ಗುರು ಸಿಗುವುದು ವಾರಕ್ಕೊಮ್ಮೆ. ಜುಲೈಯಲ್ಲಿ ರಸ್ತೆಗೆ ಮರ ಬಿದ್ದರೆ ಅದೂ ಇಲ್ಲ. ಮಧ್ಯದ ಆರು ದಿನ ಪಾಠವನ್ನು ಜೀವಂತ ಇಟ್ಟುಕೊಳ್ಳಲು ಅದಕ್ಕೆ ಓದು ಬೇಕು. ಪೇಟೆಯ ಮಗುವಿಗಿಂತ ಕಾಡಂಚಿನ ಮಗುವಿಗೇ ಅದರ ಅಗತ್ಯ ಜಾಸ್ತಿ.

ನಮ್ಮ ಸ್ವರಲಿಪಿಯಲ್ಲಿ ಕಷ್ಟ ಇರುವುದು ಎಲ್ಲಿ ಎಂದು ಮೊದಲು ನೋಡೋಣ. ಪಶ್ಚಿಮದ ಐದು ಗೆರೆಗಳ ಲಿಪಿಯ ಬೇರು 11ನೇ ಶತಮಾನದ ಇಟಲಿಯ ಸನ್ಯಾಸಿ ಗ್ವೀದೊ ದ ಅರೆಝೊ ತಿದ್ದಿ ಬೆಳೆಸಿದ ಪದ್ಧತಿಯಲ್ಲಿದೆ. ಅದರಲ್ಲಿ ಸ್ವರ ಎತ್ತರವಾದರೆ ಚುಕ್ಕೆಯೂ ಮೇಲೇರುತ್ತದೆ. ಯಾವ ಚುಕ್ಕೆ ಯಾವ ಸ್ವರ ಎಂದು ಗುರುತಿಸುವುದೇ ಆರಂಭದ ದೊಡ್ಡ ಕೆಲಸ. ಅಲ್ಲಿನ ಬಹಳಷ್ಟು ಆ್ಯಪ್‌ಗಳು ಅದಕ್ಕಾಗಿಯೇ ಇವೆ. ನಮ್ಮಲ್ಲಿ ಸ್ವರದ ಹೆಸರನ್ನೇ ಬರೆದುಬಿಡುತ್ತೇವೆ: ಸ, ರಿ, ಗ, ಮ. ಮೇಲೆ ಚುಕ್ಕೆ ಇದ್ದರೆ ತಾರ ಸ್ಥಾಯಿ, ಕೆಳಗಿದ್ದರೆ ಮಂದ್ರ. ಒಂದನೇ ತರಗತಿ ದಾಟಿದ ಯಾವ ಕನ್ನಡದ ಮಗುವಾದರೂ ಅದನ್ನು ಓದಿಬಿಡುತ್ತದೆ. ಉಳಿಯುವ ಕಷ್ಟ ಕಾಲದ್ದು. ಒಂದು ಕಾಮಾ ಎಂದರೆ ಒಂದು ಅಕ್ಷರದ ಎಳೆತ, ಅದರ ಮೇಲೊಂದು ಚುಕ್ಕೆ ಸೇರಿದರೆ ಎರಡು ಅಕ್ಷರ, ಸ್ವರಗಳ ನೆತ್ತಿಯ ಮೇಲೆ ಗೆರೆ ಬಂದರೆ ವೇಗ ಇಮ್ಮಡಿ. ಪಿಯಾನೊ ಕಲಿಸುವ ಆ್ಯಪ್ ತಂದು ನಮ್ಮ ಮಗುವಿನ ಮುಂದಿಟ್ಟರೆ ಅದು ಇಲ್ಲದ ಕಾಯಿಲೆಗೆ ಮದ್ದು ಕೊಟ್ಟ ಹಾಗೆ.

ಕಾಲ ಇರುವುದು ಕೈಯಲ್ಲಿ. ಆರಂಭದ ಮಕ್ಕಳಿಗೆ ಕಲಿಸುವ, ಮಲಹರಿ ರಾಗದ ಮೊದಲ ಪಿಳ್ಳಾರಿ ಗೀತೆಯನ್ನೇ ತೆಗೆದುಕೊಳ್ಳಿ, ರೂಪಕ ತಾಳ. ಪುಸ್ತಕದಲ್ಲಿ ಹೀಗಿರುತ್ತದೆ: ಮ ಪ | ದ ಸ ಸ ರಿ ||. ರೂಪಕಕ್ಕೆ ಎರಡು ಅಕ್ಷರದ ಒಂದು ದ್ರುತ, ನಾಲ್ಕು ಅಕ್ಷರದ ಒಂದು ಚತುರಶ್ರ ಲಘು, ಒಟ್ಟು 6 ಅಕ್ಷರ. ಈಗ ಕೈಯಲ್ಲಿ ಓದಿ. ತೊಡೆಯ ಮೇಲೆ ಪೆಟ್ಟು, ಅಲ್ಲಿ ಮ. ಅಂಗೈ ಮೇಲೆ ಮಾಡಿ ಹುಸಿ, ಅಲ್ಲಿ ಪ. ದ್ರುತ ಮುಗಿಯಿತು, ಗೆರೆ ಬಂತು. ಮತ್ತೆ ಪೆಟ್ಟು, ದ. ಕಿರುಬೆರಳು, ಸ. ಉಂಗುರ ಬೆರಳು, ಸ. ನಡುಬೆರಳು, ರಿ. ಲಘು ಮುಗಿಯಿತು, ಎರಡು ಗೆರೆ ಬಂತು, ಆವರ್ತ, ಅಂದರೆ ತಾಳದ ಒಂದು ಸುತ್ತು, ಮುಗಿಯಿತು. ಆ ನಿಂತ ಗೆರೆ ಎಲ್ಲಿಂದ ಬಂತು ಎಂದು ಈಗ ಮಗುವಿಗೆ ಯಾರೂ ಹೇಳಬೇಕಾಗಿಲ್ಲ. ತನ್ನ ಕೈ ಹುಸಿಯಿಂದ ಮತ್ತೆ ಪೆಟ್ಟಿಗೆ ಬರುವ ಜಾಗ ಅದು. ಕಾಮಾ ಬಂದಾಗಲೂ ಹೀಗೇ. ಬೆರಳು ಮುಂದೆ ಹೋಗುತ್ತದೆ, ದನಿ ಹಿಂದಿನ ಸ್ವರದಲ್ಲೇ ಇರುತ್ತದೆ. ಪುಸ್ತಕದಲ್ಲಿರುವುದು ಕೈ ನಡೆದ ದಾರಿಯ ನಕ್ಷೆ. ದಾರಿಯನ್ನೇ ನಡೆಯದವನಿಗೆ ನಕ್ಷೆ ಏನು ಹೇಳೀತು?

ಎರಡನೇ ಕಾಲ, ಮೂರನೇ ಕಾಲಕ್ಕೆ ಬಂದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕೈ ಅದೇ ನಡೆಯಲ್ಲಿ ಇರಬೇಕು, ದನಿ ಮಾತ್ರ ಎರಡರಷ್ಟು, ನಾಲ್ಕರಷ್ಟು ಆಗಬೇಕು. ಕೈ ಇಲ್ಲದೆ ಓದುವ ಮಗು ಎಲ್ಲವನ್ನೂ ಒಟ್ಟಿಗೆ ಓಡಿಸಿಬಿಡುತ್ತದೆ. ಅದರ ಲೆಕ್ಕದಲ್ಲಿ ಎರಡನೇ ಕಾಲ ಎಂದರೆ "ಬೇಗ ಬೇಗ ಹಾಡುವುದು". ಬೇಗ ಎಂದರೆ ಯಾವುದಕ್ಕೆ ಹೋಲಿಸಿ ಬೇಗ ಎಂಬ ಅಳತೆಗೋಲು ಅದರ ಹತ್ತಿರ ಇಲ್ಲ.

ಮೈಗೂ ಲಯಕ್ಕೂ ಇರುವ ನಂಟನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜೆಸ್ಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಏಳು ತಿಂಗಳ ಕೂಸುಗಳಿಗೆ ಎಲ್ಲೂ ಒತ್ತಿಲ್ಲದ ಒಂದು ಲಯ ಕೇಳಿಸಿದರು. ಕೆಲವು ಕೂಸುಗಳನ್ನು ಎರಡು ಪೆಟ್ಟಿಗೊಮ್ಮೆ, ಕೆಲವನ್ನು ಮೂರು ಪೆಟ್ಟಿಗೊಮ್ಮೆ ಎತ್ತಿ ಕುಣಿಸಿದರು. ಆಮೇಲೆ ಎರಡರ ಒತ್ತು ಇರುವ ಲಯ, ಮೂರರ ಒತ್ತು ಇರುವ ಲಯ ಎರಡನ್ನೂ ಕೇಳಿಸಿದಾಗ, ತಮ್ಮನ್ನು ಹೇಗೆ ಕುಣಿಸಿದ್ದರೋ ಆ ಲಯವನ್ನೇ ಕೂಸುಗಳು ಹೆಚ್ಚು ಹೊತ್ತು ಕೇಳಿದವು. ಬೇರೆಯವರು ಕುಣಿಯುವುದನ್ನು ನೋಡಿದ್ದಷ್ಟೇ ಆದರೆ ಆ ಪರಿಣಾಮ ಬರಲಿಲ್ಲ. ತಾಳದ ವಿಡಿಯೊ ನೋಡಿಸಿದರೆ ಆಯಿತು ಎನ್ನುವವರು ಈ ಕೊನೆಯ ಮಾತನ್ನು ಗಮನಿಸಬೇಕು. ಜೆಸ್ಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ 2007ರಲ್ಲಿ ತೋರಿಸಿದ್ದು ಇನ್ನೊಂದು ಸಂಗತಿ. ಲಯ ಕೇಳುವಾಗ ನಾವು ಅಲ್ಲಾಡದೆ ಕೂತಿದ್ದರೂ, ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಚುರುಕಾಗುತ್ತವೆ. ಇವು ಕೇಳುವುದರ ಬಗೆಗಿನ ಪ್ರಯೋಗಗಳೇ ಹೊರತು ಪುಸ್ತಕದ ಓದಿನ ಬಗೆಗಿನವಲ್ಲ. ಆದರೆ ಓದಿನ ಬುಡದಲ್ಲಿ ಕೇಳ್ಮೆ ಇದೆ ತಾನೇ?

ಯುರೋಪಿನಲ್ಲಿ ಈ ಮಾತನ್ನು ಜೋರಾಗಿ ಹೇಳಿದವರು ಜಿನೀವಾದ ಎಮಿಲ್ ಜಾಕ್-ದಾಲ್ಕ್ರೋಝ್ (1865–1950). ಕಾಗದದ ಮೇಲೆ ಸರಿಯಾಗಿ ಬರೆಯುವ ವಿದ್ಯಾರ್ಥಿಗಳು ಲಯ ತಪ್ಪುವುದನ್ನು ಕಂಡು ಅವರನ್ನು ನಡೆಸಿ, ಕುಣಿಸಿ ಕಲಿಸಿದರು. ಹಂಗೇರಿಯ ಝೋಲ್ತಾನ್ ಕೊದಾಯ್ (1882–1967) ಅವರ ಹೆಸರಿನ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಒಂದು ಕೈಮುದ್ರೆ ಇದೆ. ಆ ಮುದ್ರೆಗಳು ಮೂಲದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಅವರವು. ಇವರ ಬಗ್ಗೆ ಗೌರವ ಇದೆ. ಆದರೆ ಮೈಯಿಂದ ಸಂಗೀತ ಓದುವುದು ಅಲ್ಲಿಂದ ಬಂದ ಹೊಸ ವಿದ್ಯೆ ಎಂಬಂತೆ ನಮ್ಮ ತರಬೇತಿ ಶಿಬಿರಗಳಲ್ಲಿ ಹೇಳುವಾಗ ಬೇಸರವಾಗುತ್ತದೆ. ನಾರದೀಯ ಶಿಕ್ಷೆ ಎಂಬ ಹಳೆಯ ಸಂಸ್ಕೃತ ಗ್ರಂಥದಲ್ಲಿ ಎರಡು ವೀಣೆಗಳ ಮಾತು ಬರುತ್ತದೆ: ಒಂದು ಮರದ ವೀಣೆ, ಇನ್ನೊಂದು ಗಾತ್ರ ವೀಣೆ, ಅಂದರೆ ಮೈಯೇ ವೀಣೆ. ಸಾಮವೇದವನ್ನು ಹಾಡುವವರು ಹೆಬ್ಬೆರಳಿನಿಂದ ಬೆರಳುಗಳ ಗೆಣ್ಣು ಮುಟ್ಟಿ ಸ್ವರ ತೋರಿಸುತ್ತಾರೆ. ಕೈ ನೋಡಿದರೆ ಸ್ವರ ಓದಬಹುದು.

ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಕ್ಷಗಾನದ ಹೆಜ್ಜೆ ಕಲಿಸುವಲ್ಲಿ ಒಂದು ಸಂಜೆ ಕೂತು ನೋಡಿ. ಮಗು ಬಾಯಲ್ಲಿ ಬಾಯಿತಾಳ, ಅಂದರೆ ಚೆಂಡೆ-ಮದ್ದಲೆಯ ನುಡಿ, ಹೇಳುತ್ತದೆ, ಕೈಯಲ್ಲಿ ತಾಳ ಹಾಕುತ್ತದೆ, ಕಾಲಲ್ಲಿ ಅದೇ ಲೆಕ್ಕದ ಹೆಜ್ಜೆ ಹಾಕುತ್ತದೆ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂಬ ಹೆಸರುಗಳು ಅದಕ್ಕೆ ಪುಸ್ತಕದ ಪದಗಳಾಗಿ ಉಳಿಯುವುದಿಲ್ಲ, ಮೊಣಕಾಲಿನ ನೆನಪಾಗುತ್ತವೆ. ಬಿಡ್ತಿಗೆ, ಅಂದರೆ ಮುಕ್ತಾಯದ ಪೆಟ್ಟುಗಳ ಗುಂಪು, ಎಲ್ಲಿ ಮುಗಿಯುತ್ತದೆ ಎಂದು ಕಾಲಿಗೆ ಗೊತ್ತಿರುತ್ತದೆ. ಡೊಳ್ಳು ಕುಣಿತದವರನ್ನು ನೋಡಿ, ಬಾರಿಸುವುದೂ ಕುಣಿಯುವುದೂ ಅವರಿಗೆ ಎರಡು ಕೆಲಸವಲ್ಲ. ಯಕ್ಷಗಾನ ಕಲಿತು ಆಮೇಲೆ ಶಾಸ್ತ್ರೀಯ ಸಂಗೀತಕ್ಕೆ ಬಂದ ಮಕ್ಕಳು ನನ್ನಲ್ಲಿ ಇದ್ದಾರೆ. ಸ್ವರಸ್ಥಾನದಲ್ಲಿ ತಡವರಿಸುತ್ತಾರೆ, ಆದರೆ ಪುಸ್ತಕದ ಗೆರೆಯಲ್ಲಿ ಒಮ್ಮೆಯೂ ನಿಂತದ್ದಿಲ್ಲ.

ಶಾಲೆಗಳ ಬಗ್ಗೆ ನನ್ನದೊಂದು ಮಾತಿದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎಲ್ಲ ಶಾಲೆಗೂ ಸಂಗೀತದ ಮೇಷ್ಟ್ರು ಸಿಗುವುದಿಲ್ಲ. ಆದರೆ ಕನ್ನಡ ಮೇಷ್ಟ್ರು ಇದ್ದೇ ಇರುತ್ತಾರೆ. ಹೈಸ್ಕೂಲಿನಲ್ಲಿ ಮಕ್ಕಳು ಛಂದಸ್ಸು ಕಲಿಯುತ್ತಾರೆ, ಲಘು-ಗುರು ಗುರುತು ಹಾಕಿ ಪ್ರಸ್ತಾರ ಮಾಡುತ್ತಾರೆ, ಗಣ ಬಿಡಿಸುತ್ತಾರೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 3, 4, 3, 4 ಮಾತ್ರೆ, ಒಟ್ಟು 14. ಮಕ್ಕಳು ಇದನ್ನು ಪೆನ್ಸಿಲಿನಲ್ಲಿ ಮಾಡುತ್ತಾರೆ, ಅಂಕ ತೆಗೆಯುತ್ತಾರೆ, ಮರೆಯುತ್ತಾರೆ. ಅದೇ ಸಾಲನ್ನು ಮೂರರ ಗುಂಪಿಗೊಂದು ಚಪ್ಪಾಳೆ, ನಾಲ್ಕರ ಗುಂಪಿಗೊಂದು ಚಪ್ಪಾಳೆ ಹೊಡೆದು ಓದಿಸಿದರೆ ಏನಾಗುತ್ತದೆ? ಏಳರ ನಡೆ ಮೈಗೆ ಇಳಿಯುತ್ತದೆ. ಮುಂದೆ ತ್ರಿಪುಟ ತಾಳದ 3, 2, 2 ಬಂದಾಗ ಅದು ಹೊಸದೆನಿಸುವುದಿಲ್ಲ. ಛಂದಸ್ಸಿನ ಲಘುವೇ ಬೇರೆ, ತಾಳದ ಲಘುವೇ ಬೇರೆ, ಅದನ್ನು ಒಮ್ಮೆ ಬಿಡಿಸಿ ಹೇಳಿದರೆ ಸಾಕು.

ಶಿವಮೊಗ್ಗಕ್ಕೆ ಅಂಟಿಕೊಂಡಂತಿರುವ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ತಾಳ ಹಾಕುವುದಿಲ್ಲ, ಅರ್ಥಕ್ಕೆ ತಕ್ಕಂತೆ ರಾಗದಲ್ಲಿ ಪದ್ಯ ಓದುತ್ತಾರೆ. ಹಾಗಿದ್ದೂ ಆ ಓದಿನ ಒಳಗೆ ಮೂರು-ನಾಲ್ಕರ ನಡೆ ಹರಿಯುತ್ತಲೇ ಇರುತ್ತದೆ. ಬರೆದದ್ದನ್ನು ನೋಡಿ ದನಿ ಮಾಡುವ ಇಷ್ಟು ದೊಡ್ಡ ವಿದ್ಯೆ ಪಕ್ಕದಲ್ಲೇ ಇರುವಾಗ, ನಮ್ಮ ಶಾಲೆಯಲ್ಲಿ ಛಂದಸ್ಸು ಸದ್ದೇ ಇಲ್ಲದ ಲೆಕ್ಕವಾಗಿ ಉಳಿದಿರುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಈಗ ಫೋನಿನ ವಿಷಯ. ವಿಡಿಯೊ ಕಾಲ್ ಪಾಠದಲ್ಲಿ ಗುರು-ಶಿಷ್ಯರು ಒಟ್ಟಿಗೆ ತಾಳ ಹಾಕಿ ಹಾಡಲು ಆಗುವುದಿಲ್ಲ. ಕಾರಣ ಸರಳ. ಇಬ್ಬರು ಒಟ್ಟಿಗೆ ನುಡಿಸುವಾಗ ಸುಮಾರು 30 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಜೊತೆ ತಪ್ಪತೊಡಗುತ್ತದೆ. ಹತ್ತು ಮೀಟರ್ ದೂರದಿಂದ ಸದ್ದು ಬರಲು ಬೇಕಾದ ಹೊತ್ತು ಅದು. ಕಾಲ್‌ನಲ್ಲಿ ಸದ್ದು ಹೋಗಿ ಬರುವಷ್ಟರಲ್ಲಿ ಅದರ ಎಷ್ಟೋ ಪಟ್ಟು ತಡವಾಗುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಅಕ್ಷರಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ಮೂರನೇ ಕಾಲದಲ್ಲಿ ಅದರೊಳಗೆ ನಾಲ್ಕು ಸ್ವರ, ಒಂದೊಂದಕ್ಕೆ 250 ಮಿಲಿಸೆಕೆಂಡ್. ಹೋಗಿಬರುವ ತಡ ಅಷ್ಟಾದರೆ ಮಗು ಗುರುವಿಗಿಂತ ಪೂರ್ತಿ ಒಂದು ಸ್ವರ ಹಿಂದೆ. ಹಾಗಾಗಿ ಎಲ್ಲರೂ ಮಾಡುವುದು ಒಂದೇ, ಮಕ್ಕಳನ್ನು ಮ್ಯೂಟ್ ಮಾಡುವುದು. ಕ್ಯಾಮೆರಾ ಮುಖಕ್ಕೆ ಹಿಡಿದಿರುತ್ತದೆ, ತೊಡೆಯ ಮೇಲಿನ ಕೈ ಕಾಣುವುದೇ ಇಲ್ಲ. ಲಾಕ್‌ಡೌನಿನಲ್ಲಿ ಎರಡು ವರ್ಷ ಹೀಗೆ ಕಲಿತ ಮಕ್ಕಳು ಎದುರು ಬಂದು ಕೂತಾಗ ನನಗೆ ಗಾಬರಿಯಾಗಿತ್ತು. ಹಾಡು ಇತ್ತು, ಕೈ ಇರಲಿಲ್ಲ. ಆ ಎರಡು ವರ್ಷ ನಾನೂ ಅದೇ ಮಾಡಿದ್ದೆ.

ಮನೆಯಲ್ಲೂ ಒಂದು ಎಚ್ಚರ ಬೇಕು. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ತಾಳದ ಆ್ಯಪ್ ಜೊತೆ ಅಭ್ಯಾಸ ಮಾಡಿ, ಅದನ್ನು ರೆಕಾರ್ಡ್ ಮಾಡಿದರೆ, ಸದ್ದು ಕಿವಿಗೆ 100ರಿಂದ 300 ಮಿಲಿಸೆಕೆಂಡ್ ತಡವಾಗಿ ಬರಬಹುದು. ಮಗು ಸರಿಯಾಗಿ ಹಾಡಿದ್ದರೂ ರೆಕಾರ್ಡಿಂಗ್‌ನಲ್ಲಿ ತಪ್ಪು ಎಂದೇ ಕಾಣುತ್ತದೆ. ವೈರ್ ಇರುವ ಹಳೇ ಇಯರ್‌ಫೋನೇ ಒಳ್ಳೆಯದು.

ತಾಳದ ಆ್ಯಪ್ ಕೆಟ್ಟದ್ದಲ್ಲ. ಅದು ಬಿಡದೆ ತಾಳ ಹಾಕುತ್ತಲೇ ಇರುವುದು ಕೆಟ್ಟದ್ದು. ನಾನು ಮನೆಯವರಿಗೆ ಹೇಳುವ ಉಪಾಯ ಇಷ್ಟೇ: ಎರಡು ಆವರ್ತ ಸದ್ದು ಇರಲಿ, ಮುಂದಿನ ಎರಡು ಆವರ್ತ ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಏರಿಸಿ. ಸದ್ದು ಮರಳಿದಾಗ ಮಗುವಿನ ಕೈ ಸಮದ ಪೆಟ್ಟಿನಲ್ಲೇ, ಅಂದರೆ ಆವರ್ತದ ಮೊದಲ ಪೆಟ್ಟಿನಲ್ಲೇ, ಇದ್ದರೆ ಅದಕ್ಕೆ ತಾಳ ಬಂದಿದೆ. ಅಡುಗೆಮನೆಯಿಂದಲೇ ಅಮ್ಮ ಇದನ್ನು ಮಾಡಬಹುದು, ಸಂಗೀತ ಗೊತ್ತಿರಬೇಕಾಗಿಲ್ಲ.

ಸ್ವರದ ಮೇಲೆ ಬಣ್ಣ ಓಡಿಸುವ ವಿಡಿಯೊಗಳನ್ನು ಮಾತ್ರ ನಾನು ಬೇಡವೆನ್ನುತ್ತೇನೆ. ಬ್ರಿಟಿಷ್ ಮನಃಶಾಸ್ತ್ರಜ್ಞ ಜಾನ್ ಸ್ಲೊಬೊಡಾ 1970ರ ದಶಕದಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧ. ಪರದೆಯ ಮೇಲಿನ ಸ್ವರಲಿಪಿ ನೋಡಿ ನುಡಿಸುತ್ತಿರುವವರ ಮುಂದಿನಿಂದ ಅದನ್ನು ತಟ್ಟನೆ ಮರೆಮಾಡಿ, ಆಮೇಲೆ ಎಷ್ಟು ಸ್ವರ ಸರಿಯಾಗಿ ನುಡಿಸುತ್ತಾರೆ ಎಂದು ಎಣಿಸಿದರು. ಚೆನ್ನಾಗಿ ಓದುವವರು ಏಳರವರೆಗೂ ಹೋದರು, ಅಷ್ಟು ಪಳಗದವರು ಮೂರು-ನಾಲ್ಕಕ್ಕೆ ನಿಂತರು. ಓದು ಎಂದರೆ ಕಣ್ಣು ದನಿಗಿಂತ ಮುಂದೆ ಇರುವುದು. ಬಣ್ಣ ಓಡಿಸಿದರೆ ಕಣ್ಣು ಹಾಡುತ್ತಿರುವ ಸ್ವರಕ್ಕೇ ಕಟ್ಟಿಬೀಳುತ್ತದೆ. ಮಗು ಬಣ್ಣವನ್ನು ಹಿಂಬಾಲಿಸುತ್ತದೆ, ಓದುವುದಿಲ್ಲ.

ಕೈಯನ್ನು ನೋಡುವ ತಂತ್ರಜ್ಞಾನ ಈಗ ಸುಲಭವಾಗಿ ಸಿಗುತ್ತದೆ. ಗೂಗಲ್‌ನ ಮೀಡಿಯಾಪೈಪ್ ಎಂಬ ಉಚಿತ ತಂತ್ರಾಂಶ ಸಾಮಾನ್ಯ ಕ್ಯಾಮೆರಾದಲ್ಲೇ ಒಂದು ಕೈಯ 21 ಬಿಂದುಗಳನ್ನು ಗುರುತಿಸುತ್ತದೆ. ಪೆಟ್ಟು ಯಾವುದು, ಹುಸಿ ಯಾವುದು, ಯಾವ ಬೆರಳು ಎಂದು ಹೇಳುವ ತಾಳ ಪಾಠವನ್ನು ಅದರ ಮೇಲೆ ಕಟ್ಟಬಹುದು. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆದರೆ ಒಂದೊಂದಕ್ಕೆ 33 ಮಿಲಿಸೆಕೆಂಡ್. ಒಂದನೇ ಕಾಲದ ತಾಳ ತಿದ್ದಲು ಅಷ್ಟು ಸಾಕು. ತೊಂದರೆ ನಮ್ಮ ಮನೆಗಳದ್ದು. ಮಳೆಗಾಲದ ಮಧ್ಯಾಹ್ನ ಮಲೆನಾಡಿನ ಹೆಂಚಿನ ಮನೆಯೊಳಗೆ ಬೆಳಕೇ ಇರುವುದಿಲ್ಲ. ಬೆಳಕು ಕಡಿಮೆಯಾದರೆ ಹಲವು ಫೋನ್‌ಗಳು ಚಿತ್ರಗಳ ಸಂಖ್ಯೆಯನ್ನೂ ಇಳಿಸುತ್ತವೆ, ಕೈ ಮಸುಕಾಗುತ್ತದೆ. ಚಪ್ಪಾಳೆಯ ಸದ್ದನ್ನು ಮೈಕಿನಿಂದ ಹಿಡಿಯೋಣ ಎಂದರೆ ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆ ಮಳೆ ಶೀಟಿನ ಮೇಲೆ ಬೀಳುತ್ತಿರುತ್ತದೆ. ಅದಕ್ಕೇ ಇಲ್ಲಿಗೆ ಮಣಿಕಟ್ಟಿಗೆ ಕಟ್ಟುವ ಸೆನ್ಸರ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನಿಸಿಕೆ. ಮೈಕ್ರೊಬಿಟ್ ಎಂಬ ಅಂಗೈಗಿಂತ ಚಿಕ್ಕ ಬೋರ್ಡಿನಲ್ಲಿ ಅಲುಗಾಟ ಅಳೆಯುವ ಸೆನ್ಸರ್ ಇದೆ. ಅದಕ್ಕೆ ಬೆಳಕೂ ಬೇಡ, ಇಂಟರ್ನೆಟ್ಟೂ ಬೇಡ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಸೆನ್ಸರುಗಳನ್ನು ಬಳಸಲು ಮಕ್ಕಳೇ ಕಲಿಯುತ್ತಾರೆ. ಅವರು ರೋಬೋ ಕಾರಿನ ಜೊತೆಗೆ ಆದಿತಾಳ ಎಣಿಸುವ ಕೈಪಟ್ಟಿಯನ್ನೂ ಮಾಡಲಿ. ಮಾಡುವ ಮಗುವಿಗೆ ಎಂಟು ಅಕ್ಷರ ಎಂದರೇನು ಎಂದು ಮೊದಲು ತಿಳಿದಿರಲೇಬೇಕಲ್ವಾ?

ಸ್ವರಸ್ಥಾನಕ್ಕೂ ಕಾಲಿನ ಪಾಠ ಇದೆ, ಇದಕ್ಕೆ ಸುಣ್ಣದ ಬಳಪ ಸಾಕು. ಅಂಗಳದಲ್ಲಿ ಕುಂಟೆಬಿಲ್ಲೆಯ ಹಾಗೆ ಸಾಲಾಗಿ 13 ಮನೆ ಬರೆಯಿರಿ. ಮಾಯಾಮಾಳವಗೌಳ ರಾಗದ ಸ ಒಂದನೇ ಮನೆ, ರಿ ಎರಡು, ಗ ಐದು, ಮ ಆರು, ಪ ಎಂಟು, ದ ಒಂಬತ್ತು, ನಿ ಹನ್ನೆರಡು, ಮೇಲಿನ ಸ ಹದಿಮೂರು. ಪುಸ್ತಕ ಹಿಡಿದು ಹಾಡುತ್ತಾ ನಡೆಯಲಿ. ಪುಸ್ತಕದಲ್ಲಿ ಸರಿ, ರಿಗ ಎರಡೂ ಒಂದೇ ಅಂತರದಲ್ಲಿ ಅಚ್ಚಾಗಿರುತ್ತವೆ. ನೆಲದ ಮೇಲೆ ಮೊದಲನೆಯದು ಒಂದು ಹೆಜ್ಜೆ, ಎರಡನೆಯದು ಮೂರು ಮನೆಯ ಹಾರು. ಒಮ್ಮೆ ಹಾರಿದ ಮಗು ಆ ಗಾಂಧಾರವನ್ನು ಕೆಳಗೆ ಇಳಿಸಿ ಹಾಡುವುದು ಕಡಿಮೆ.

ಗಮಕದ ಹತ್ತಿರ (ಕಾವ್ಯ ಓದುವ ಗಮಕವಲ್ಲ, ಸ್ವರವನ್ನು ತೂಗಿ ಹಾಡುವ ಗಮಕ) ಬಂದಾಗ ಲಿಪಿಯೂ ನಿಲ್ಲುತ್ತದೆ, ಹೆಜ್ಜೆಯೂ ನಿಲ್ಲುತ್ತದೆ. ತೋಡಿ ರಾಗದ ಗಾಂಧಾರವನ್ನು ಬರಿಯ ಗ ಎಂದು ಬರೆದರೆ ಏನೂ ಬರೆದ ಹಾಗಾಗುವುದಿಲ್ಲ. ಇಲ್ಲಿ ದನಿಯ ಏರಿಳಿತವನ್ನು ಗೆರೆಯಾಗಿ ತೋರಿಸುವ ತಂತ್ರಾಂಶ ಸಹಾಯಕ್ಕೆ ಬರುತ್ತದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಶುರುವಾದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ ಸಂಗೀತವನ್ನೂ ಹೀಗೆ ಅಳೆದು ನೋಡಿತು. ಗುರುವಿನ ಗಾಂಧಾರ ಎಷ್ಟು ತೂಗಿತು, ತನ್ನದು ಎಷ್ಟು ತೂಗಿತು ಎಂದು ಮಗು ಕಣ್ಣಾರೆ ನೋಡಬಹುದು. ನಾನು ಮಕ್ಕಳಿಗೆ ಆ ಗೆರೆಯನ್ನು ಗಾಳಿಯಲ್ಲಿ ಕೈಯಿಂದ ಬರೆಯಲು ಹೇಳುತ್ತೇನೆ. ಹಾಡುಗಾರರು ಹಾಡುವಾಗ ಕೈ ಆಡಿಸುತ್ತಾರಲ್ಲ, ಬಹಳ ಸಲ ಅದೇ ಗೆರೆ ಅದು.

ಕಾಮಾದಲ್ಲಿ ನಿಲ್ಲುತ್ತಿದ್ದ ಹುಡುಗಿಗೆ ಐದು ವಾರ ಪುಸ್ತಕ ಕೊಡಲಿಲ್ಲ. ಬರಿಯ ಕೈ, ಅಂಗಳದ ಮನೆಗಳು, ಚಪ್ಪಾಳೆಯ ಷಟ್ಪದಿ. ಆರನೇ ಭಾನುವಾರ ಅವಳು ಕಂಡೇ ಇರದ ಒಂದು ಗೀತೆಯ ಪುಟ ತೆರೆದುಕೊಟ್ಟೆ. ಹೊರಗೆ ಗಾಳಿ ಜೋರಾಗಿತ್ತು, ನಾಲ್ಕು ಗಂಟೆಗೇ ದೀಪ ಹಾಕಿದ್ದೆವು. ಎರಡನೇ ಸಾಲಿನ ನಡುವೆ ಕರೆಂಟ್ ಹೋಯಿತು. ಪುಟ ಕಾಣದಂತಾಯಿತು. ಕತ್ತಲಲ್ಲಿ ತೊಡೆಯ ಮೇಲೆ ಪೆಟ್ಟು ಕೇಳಿಸಿತು, ದನಿಯೂ ಮುಂದೆ ಹೋಯಿತು. ನಾನು ಎಣಿಸಿದೆ, ಐದು ಸ್ವರ. ಆಮೇಲೆ ದನಿ ನಿಂತಿತು, ಕೈ ಆವರ್ತ ಮುಗಿಸಿತು.

"ಮಿಸ್, ಮುಂದೆ ಕಾಮಾ ಇತ್ತು ಅನ್ಸುತ್ತೆ" ಅಂದಳು.